ಅಕ್ಕನ ಮೊಣಕಾಲಿನ ಹಳೇ ಗಾಯ

ಅಕ್ಕ ತನ್ನ ಬ್ಯೂಟಿ ಪಾರ್ಲರಿನಲ್ಲಿ ನಿಂತಿದ್ದಾಗಲೇ ಮೊಣಕಾಲಿಂದ ರಕ್ತ ಜಿನುಗಿತು. ಬಿದ್ದಿರಲಿಲ್ಲ, ಏನೂ ತಾಗಿರಲಿಲ್ಲ. ಚಿಕ್ಕಂದಿನಲ್ಲಿ ಹೊಲಿಗೆ ಹಾಕಿಸಿಕೊಂಡಿದ್ದ ಗಾಯ ಇಪ್ಪತ್ತು ವರ್ಷದ ಮೇಲೆ ತಾನಾಗಿ ಬಾಯಿಬಿಟ್ಟಿತ್ತು. ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಹಣ್ಣು, ತರಕಾರಿ ತಿಂದು ಎಷ್ಟು ದಿನ ಆಯ್ತಮ್ಮಾ?" ಎಂದರು ಡಾಕ್ಟರು.

"ಆರು ತಿಂಗಳು. ತೆಳ್ಳಗಾಗೋಕೆ ಬರೀ ಟೀ, ರಸ್ಕು. ಆದ್ರೆ ಮುಖಕ್ಕೆ ದಿನಾ ವಿಟಮಿನ್ ಸಿ ಸೀರಮ್ ಹಚ್ತೀನಲ್ಲಾ!"

"ಮುಖಕ್ಕೆ ಹಚ್ಚಿದ್ದು ಮೊಣಕಾಲಿಗೆ ಇಳಿಯುತ್ತಾ? ಚರ್ಮ ಹಿಡಿದಿಡೋದು ಕೊಲಾಜನ್ ಅನ್ನೋ ಪ್ರೋಟೀನು. ವಿಟಮಿನ್ ಸಿ ಹೊಟ್ಟೆಗೆ ಹೋಗದಿದ್ರೆ ಅದು ಗಟ್ಟಿಯಾಗಲ್ಲ. ಹಳೇ ಗಾಯ ಬಿಚ್ಕೊಳ್ಳುತ್ತೆ, ಹಲ್ಲು ಸಡಿಲ ಆಗುತ್ತೆ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!" ಎಂದು ಅಕ್ಕನಿಗೆ ಬೈದೆ. ಅವಳ ಜೊತೆ ಪಂದ್ಯ ಕಟ್ಟಿ ಆರು ತಿಂಗಳು ಅದೇ ಟೀ, ರಸ್ಕಿನಲ್ಲೇ ಇದ್ದವಳು ನಾನು. ಬೈಯುತ್ತಿದ್ದಂತೆ ನಾಲಿಗೆ ಮುಂದಿನ ಹಲ್ಲಿಗೆ ತಾಗಿತು.

ಹಲ್ಲು ಅಲುಗಾಡಿತು.