ಭಾವನವರ ‘ನಾನು’

ನಮ್ಮ ಭಾವನವರಷ್ಟು ಅಂಜುಬುರುಕ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ; ಇನ್ನು ಕಾಣುವ ಆಸೆಯೂ ಉಳಿದಿಲ್ಲ. ಬೀದಿಯಲ್ಲಿ ಗೋಡೆಗೆ ಭುಜ ತಾಗಿಸಿಕೊಂಡೇ ನಡೆಯುತ್ತಾರೆ. ಹಿಂದೆ ಯಾರದಾದರೂ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಚಪ್ಪಲಿಯೊಳಗೆ ಕಲ್ಲು ಸೇರಿದವರಂತೆ ಬಗ್ಗಿ ನಿಂತು, ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಆ ಅಪರಿಚಿತನನ್ನು ಸಾಗಹಾಕಿ, ಅವನ ಬೆನ್ನು ತಿರುವಿನಲ್ಲಿ ಮರೆಯಾದ ಮೇಲಷ್ಟೇ ಹೆಜ್ಜೆ ಎತ್ತುತ್ತಾರೆ. ಬಾಗಿಲಿಗೆ ಬೆನ್ನು ಮಾಡಿ ಕೂರುವುದಂತೂ ಅವರ ಜಾಯಮಾನದಲ್ಲೇ ಇಲ್ಲ. ಸಂಜೆ ನನ್ನಕ್ಕ ಬಾಗಿಲು ಹಾಕಿ ಬಂದು ಕೂತ ಮರುಕ್ಷಣವೇ ‘ಚಿಲಕ ಹಾಕಿದೆಯೇನೇ?’ ಎಂಬ ಪ್ರಶ್ನೆ ಏಳುತ್ತದೆ. ‘ನಿಮ್ಮ ಕಣ್ಣೆದುರಿಗೇ ಹಾಕಿದೀನಲ್ಲ, ಅದಕ್ಕೂ ಸಾಕ್ಷಿ ತರಬೇಕಾ?’ ಎಂದು ಅವಳು ಗದರುತ್ತಾಳೆ. ‘ಸರಿ, ಸರಿ’ ಎನ್ನುತ್ತಲೇ ಅವರು ಎದ್ದು ಹೋಗಿ, ಚಿಲಕವನ್ನು ಬೆರಳಿನಿಂದ ಮುಟ್ಟಿ ನೋಡಿ ಬರುತ್ತಾರೆ. ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆ ಕೊಡದ ಬಾಡಿಗೆದಾರ. ಪತ್ರಿಕೆಗಳಿಗೆ ಅದೂ ಇದೂ ಬರೆದುಕೊಂಡಿರುವವನು. ಅಕ್ಕನೂ ನಾನೂ ಸೇರಿ ಅವರ ಈ ಚಿಲಕಪುರಾಣವನ್ನು ಎಷ್ಟು ಆಡಿಕೊಂಡು ನಕ್ಕಿದ್ದೇವೋ ಲೆಕ್ಕವಿಲ್ಲ.

ಇಂಥ ಮನುಷ್ಯ ವಕೀಲ! ಅದೂ ಅಣ್ಣತಮ್ಮಂದಿರ ಪಾಲುಪಟ್ಟಿ ಮಾಡಿಸಿಕೊಂಡು ನೆಮ್ಮದಿಯಾಗಿರುವ ವಕೀಲರಲ್ಲ. ಯಾರ ಮನೆಯ ಜಗಳವೂ ಅಲ್ಲದ, ಆದರೆ ಎಲ್ಲರ ಬದುಕಿಗೂ ಸಂಬಂಧಿಸಿದ ಅನ್ಯಾಯಗಳನ್ನು ನ್ಯಾಯಾಲಯದ ಮುಂದೆ ಎತ್ತಿ ಹಿಡಿಯುವ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳೆಂದರೆ ಅವರಿಗೆ ಪ್ರಾಣ. ಸೆರೆಮನೆಯಲ್ಲಿ ಮರೆತುಹೋದವರು, ಆಸ್ಪತ್ರೆಯ ವರಾಂಡದಲ್ಲೇ ಉಳಿದುಹೋದವರು, ಎತ್ತಂಗಡಿಯಾದ ಗುಡಿಸಲುಗಳ ಜನ, ಹೀಗೆ ಬಾಯಿದ್ದೂ ಮಾತು ಸಾಗದವರೆಲ್ಲ ಅವರ ಕಕ್ಷಿದಾರರು. ಪ್ರಬಲರನ್ನು ಎದುರುಹಾಕಿಕೊಳ್ಳುವುದೇ ಕಸುಬಾದವರಿಗೆ ಗುಂಡಿಗೆ ಗಟ್ಟಿಯಿರುತ್ತದೆಂದು ಜನ ತಿಳಿದಿದ್ದಾರೆ. ಭಾವನವರು ವಾದಕ್ಕೆ ನಿಂತರೆ ಮೊಣಕಾಲು ನಡುಗಿ, ಅವರು ಆತುಕೊಂಡ ಮೇಜು ನಡುಗಿ, ಮೇಜಿನ ಮೇಲಿನ ನೀರಿನ ಲೋಟ ಕಿಣಿಕಿಣಿ ಎನ್ನುತ್ತದೆ. ಧ್ವನಿಯೋ, ಪಕ್ಕದವರ ಕಿವಿಗೇ ಕಷ್ಟದಿಂದ ತಲುಪುವಷ್ಟು. ಅದಕ್ಕೇ ಅವರು ಎದ್ದು ನಿಂತ ಕೂಡಲೇ ನ್ಯಾಯಾಧೀಶರು ‘ಫ್ಯಾನು ನಿಲ್ಲಿಸಿ’ ಎನ್ನುವುದು ಅಲ್ಲಿನ ವಾಡಿಕೆಯಾಗಿಬಿಟ್ಟಿತ್ತು. ಫ್ಯಾನು ನಿಂತ ಆ ನಿಶ್ಶಬ್ದದಲ್ಲಿ, ಸೆಕೆಯಲ್ಲಿ ಬೇಯುತ್ತ, ಸಭಾಂಗಣದವರೆಲ್ಲ ಅವರ ಪಿಸುಮಾತಿಗೆ ಕಿವಿಗೊಡುತ್ತಿದ್ದರು. ಗುಡುಗುವ ವಕೀಲರಿಗೆ ಸಿಗದ ಗಮನ ಅವರಿಗೆ ಹೀಗೆ ಸಿಗುತ್ತಿತ್ತು.

ಆ ಪಿಸುಮಾತಿನ ಒಂದು ವೈಶಿಷ್ಟ್ಯವನ್ನು ಇಲ್ಲಿ ಹೇಳಲೇಬೇಕು. ಕಕ್ಷಿದಾರರ ಮಾತನ್ನು ತಮ್ಮದೇ ಮಾತೆಂಬಂತೆ ‘ನಾನು’ ಎಂದು ಹೇಳುವುದು ವಕೀಲರಲ್ಲಿ ಅನೇಕರ ರೂಢಿ. ‘ಆ ಮನೆಯಲ್ಲಿ ನಾನೇ ಇದ್ದೇನೆ, ಸ್ವಾಮಿ’ ಎಂದು ವಾದಿಸಿದವರು ಹೊರಬಂದು ತಮ್ಮ ಸ್ವಂತ ಮನೆಗೆ ಹೋಗುತ್ತಾರೆ. ಭಾವನವರಲ್ಲಿ ಈ ರೂಢಿ ರಕ್ತಕ್ಕೆ ಇಳಿದಿತ್ತು. ಸೆರೆಮನೆಯ ಹೆಂಗಸರ ಪರವಾಗಿ ನಿಂತ ದಿನ ಅವರು, ‘ನಾನು ತುಂಬುಗರ್ಭಿಣಿ, ಸ್ವಾಮಿ, ನನ್ನನ್ನು ತೇವದ ನೆಲದ ಮೇಲೆ ಮಲಗಿಸುತ್ತಾರೆ’ ಎಂದರಂತೆ. ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. ಬೋಳುತಲೆಯ ಆ ಗರ್ಭಿಣಿಗೆ ಮಾತ್ರ ಜನ ಯಾಕೆ ನಗುತ್ತಿದ್ದಾರೆಂದು ತಿಳಿಯಲಿಲ್ಲ. ನ್ಯಾಯಾಧೀಶರು ನಗಲಿಲ್ಲವೆಂದೂ, ಹೆಂಗಸರಿಗೆ ಮಂಚಗಳು ಬಂದವೆಂದೂ ಅಕ್ಕ ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ.

ಇನ್ನು ಅವರ ಕರಿಕೋಟಿನ ಕಥೆ. ಜನಜಂಗುಳಿಯಲ್ಲಿ ಯಾರಾದರೂ ಜೇಬಿಗೆ ಏನಾದರೂ ತುರುಕಿ ಆಮೇಲೆ ಪೊಲೀಸರನ್ನು ಕರೆದರೆ ಏನು ಗತಿ ಎಂಬ ಆಲೋಚನೆ ಒಂದು ದಿನ ಅವರ ತಲೆಗೆ ಹೊಕ್ಕಿತು. ಹೊಕ್ಕ ಮೇಲೆ ಮುಗಿಯಿತು. ಕೋಟನ್ನು ಕಂಕುಳಲ್ಲಿಟ್ಟುಕೊಂಡು, ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಕಾರ್ಖಾನೆಯ ಹಿಂದಿನ ಬೀದಿಯಲ್ಲಿದ್ದ ಹೊಲಿಗೆ ಅಂಗಡಿಗೆ ಹೋದರು. ಅಲ್ಲಿನ ಹೊಲಿಗೆಯಮ್ಮ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ, ‘ಜೇಬು ಹರಿದಿದೆ ಹೊಲೀರಿ ಅನ್ನೋರನ್ನ ನೋಡಿದೀನಿ ಸಾರ್. ಚೆನ್ನಾಗಿರೋ ಜೇಬನ್ನ ಮುಚ್ಚಿಬಿಡಿ ಅನ್ನೋರನ್ನ ಇವತ್ತೇ ನೋಡಿದ್ದು’ ಎಂದು ನಕ್ಕಳಂತೆ. ನಗುತ್ತಲೇ ಸೂಜಿಯನ್ನೂ ದಾರವನ್ನೂ ಮಗಳ ಕೈಗೆ ಕೊಟ್ಟಳು. ಹುಡುಗಿ ದಾರ ಪೋಣಿಸಲು ಹೋದಳು, ತಪ್ಪಿತು. ಮತ್ತೆ ಹೋದಳು, ಮತ್ತೆ ತಪ್ಪಿತು. ಆ ಪುಟ್ಟ ಬೆರಳುಗಳು ಅವಳ ಮಾತನ್ನು ಕೇಳುತ್ತಿರಲಿಲ್ಲ. ‘ಮೊದಲು ಕಣ್ಣು ಮುಚ್ಕೊಂಡು ಪೋಣಿಸೋಳು. ಈಗ ಕೈ ನಡುಗುತ್ತೆ, ಹೊಟ್ಟೆನೋವು ಅಂತಾಳೆ, ಕಲಿತ ಪಾಠ ಮರೀತಾಳೆ. ಈ ಬೀದೀಲಿ ಮಕ್ಕಳೆಲ್ಲ ಹೀಗೇ ಸಾರ್’ ಎಂದಳು ತಾಯಿ. ತಮ್ಮ ನಡುಕದ ಹೊರತು ಬೇರೊಂದನ್ನು ಅರಿಯದ ಭಾವನವರು ಆ ನಡುಕವನ್ನು ನೋಡಿ ಬೆಚ್ಚಿಬಿದ್ದರು. ಮುಚ್ಚಿದ ಜೇಬಿನ ಕೋಟಿನೊಂದಿಗೆ ಒಂದು ಮೊಕದ್ದಮೆಯೂ ಮನೆಗೆ ಬಂತು.

ಸೀಸದ ವಿಷಹೊಗೆ ಉಗುಳುವ ಕಾರ್ಖಾನೆಯ ಕುಲುಮೆಯನ್ನು ಆರಿಸಿ, ಆ ವಿಷ ಸೇರಿದೆಯೇ ಎಂದು ಬೀದಿಯ ಮಕ್ಕಳ ರಕ್ತ ಪರೀಕ್ಷಿಸಬೇಕೆಂಬ ಆ ಅರ್ಜಿಯಲ್ಲಿ ಅರ್ಜಿದಾರಳಾಗಿ ಹೊಲಿಗೆಯಮ್ಮನ ಹೆಸರೊಂದೇ ಇತ್ತು. ವಿಚಾರಣೆ ಹತ್ತಿರವಾದಂತೆ ಒಂದು ಸಂಜೆ ಅವಳು ನಮ್ಮ ಮನೆಗೆ ಬಂದಳು. ಒಳಗೆ ಬಂದವಳೇ ತಾನಾಗಿಯೇ ಬಾಗಿಲ ಚಿಲಕ ಹಾಕಿದಳು. ಅದನ್ನು ನೋಡಿ ಅಕ್ಕನ ಮುಖದ ನಗು ಇಳಿದುಹೋಯಿತು.

‘ಒಬ್ಬ ಬಂದಿದ್ದ ಸಾರ್,’ ಎಂದಳು. ‘ಶುಭ್ರವಾದ ಬಿಳಿ ಅಂಗಿ, ಒಳ್ಳೇ ಮಾತು. ಗುಂಡಿ ಕಿತ್ತುಹೋಗಿದೆ ಹಾಕ್ಕೊಡಿ ಅಂದ. ನಾನು ಹಾಕ್ತಾ ಇದ್ರೆ, ನಿಮ್ಮ ಹುಡುಗಿ ಶಾಲೆಯಿಂದ ಬರೋ ದಾರೀಲಿ ನಮ್ಮ ಲಾರಿಗಳ ಓಡಾಟ ಜಾಸ್ತಿ ಅಲ್ವಾಮ್ಮ, ಜೋಪಾನ ಅಂದ. ಅವಳು ಯಾವ ತಿರುವಲ್ಲಿ ನಿಂತು ನೀರು ಕುಡೀತಾಳೆ ಅನ್ನೋದೂ ಅವನಿಗೆ ಗೊತ್ತಿದೆ. ನನಗೆ ಕೈಯೇ ಆಡಲಿಲ್ಲ, ಬಿಳಿ ಅಂಗಿಗೆ ನೀಲಿ ದಾರ ಹಾಕಿಬಿಟ್ಟೆ. ಅವನು ನಗ್ತಾ, ಪರವಾಗಿಲ್ಲ ಬಿಡಿ, ನಿಮ್ಮ ನೆನಪಿಗೆ ಇರಲಿ ಅಂದ.’ ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ನನ್ನ ಹೆಸರು ತೆಗೆದುಬಿಡಿ ಸಾರ್. ಯಾಕೆ ಅಂತ ಮಾತ್ರ ಯಾರಿಗೂ ಹೇಳಬೇಡಿ, ನಿಮ್ಮ ದಮ್ಮಯ್ಯ’ ಎಂದಳು.

ಭಾವನವರು ಏನಾದರೂ ನಾಲ್ಕು ಧೈರ್ಯದ ಮಾತು ಹೇಳಿಯಾರೆಂದು ನಾನು ಕಾದೆ. ಅವರು ಲೋಟಕ್ಕೆ ಕೈಚಾಚಿದರು. ನೀರು ಕುಡಿದು, ‘ಹೆದರಿಕೆ ವಿಷಯ ನನಗೆ ಬಿಡಿಸಿ ಹೇಳಬೇಡೀಮ್ಮ, ಅದರಲ್ಲಿ ನಾನೇ ಪಂಡಿತ. ನಿಮ್ಮ ಹೆಸರು ತೆಗೆಸ್ತೀನಿ’ ಎಂದರು. ಅವಳು ಹೋದ ಮೇಲೆ ನನಗೆ ವಿವರಿಸಿದರು: ಇಂಥ ಅರ್ಜಿಯನ್ನು ಹಾಕಿದವರು ಬೇಕೆಂದಾಗ ಎತ್ತಿಕೊಂಡು ಹೋಗುವಂತಿಲ್ಲ, ನ್ಯಾಯಾಲಯದ ಅಪ್ಪಣೆ ಬೇಕು, ಕಾರಣ ಕೇಳುತ್ತಾರೆ, ‘ವೈಯಕ್ತಿಕ ಕಾರಣಗಳಿಂದ’ ಎಂದು ಹೇಳಿ ಬಾಯಿ ಮುಚ್ಚಬೇಕು. ಆ ಮಾತನ್ನು ಅವರು ಸ್ನಾನದ ಮನೆಯಲ್ಲೂ ಊಟದ ಮೇಜಿನಲ್ಲೂ ಪಾಠದಂತೆ ಉರುಹಾಕಿದರು. ವಿಚಾರಣೆಯ ದಿನ, ‘ನೀನೂ ಬಾ ಕಣಯ್ಯಾ, ಒಬ್ಬನೇ ಹೋಗೋಕಾಗಲ್ಲ’ ಎಂದು ನನ್ನನ್ನೂ ಹೊರಡಿಸಿದರು.

ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲೊಬ್ಬರು ಸೌಜನ್ಯದಿಂದ ಸರಿದು ಜಾಗ ಕೊಟ್ಟರು. ಥ್ಯಾಂಕ್ಸ್ ಹೇಳಲು ತಿರುಗಿದವನ ಕಣ್ಣು ಅವರ ಎದೆಯ ಮೇಲೆ ನಿಂತುಬಿಟ್ಟಿತು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಸಾಲಾಗಿ ಬಿಳಿಯ ಗುಂಡಿಗಳು, ಅವುಗಳಲ್ಲೊಂದಕ್ಕೆ ನೀಲಿ ದಾರ.  ಎದ್ದು ಹೋಗಿ ಭಾವನವರ ಕಿವಿಯಲ್ಲಿ ಹೇಳಬೇಕೆಂದುಕೊಂಡೆ, ಕಾಲು ಏಳಲಿಲ್ಲ. ಅಷ್ಟರಲ್ಲಿ ‘ಫ್ಯಾನು ನಿಲ್ಲಿಸಿ’ ಎಂಬ ಮಾತು ಕೇಳಿಸಿತು.

‘ಅರ್ಜಿಯನ್ನು ಹಿಂತೆಗೆದುಕೊಳ್ಳಲು ಅಪ್ಪಣೆ ಬೇಡುತ್ತೇನೆ, ಸ್ವಾಮಿ.’

‘ಕಾರಣ?’

ಲೋಟ ಕಿಣಿಕಿಣಿ ಎಂದಿತು. ಉರುಹಾಕಿದ ಆ ಎರಡು ಪದಗಳಿಗಾಗಿ ಭಾವನವರು ಬಾಯಿ ತೆರೆದರು. ಆದರೆ ‘ಕಾರಣ’ ಎಂದು ಕೇಳಿದಾಗಲೆಲ್ಲ ಕಕ್ಷಿದಾರರ ಬಾಯಾಗಿ ಉತ್ತರಿಸುವ ಜೀವಮಾನದ ಅಭ್ಯಾಸ ಅವರನ್ನು ಎಳೆದುಕೊಂಡು ಹೋಯಿತು. ‘ನನಗೆ ಹೆದರಿಕೆಯಾಗಿದೆ, ಸ್ವಾಮಿ. ನನ್ನ ಅಂಗಡಿಗೆ ಒಬ್ಬ ಬಂದು ಗುಂಡಿ ಹಾಕಿಸಿಕೊಂಡ. ನನ್ನ ಮಗಳು ಶಾಲೆಯಿಂದ ಬರುವ ದಾರಿಯನ್ನು ನನಗೇ ಹೇಳಿದ.’ ಫ್ಯಾನು ನಿಂತ ಆ ಸಭಾಂಗಣದಲ್ಲಿ ಒಂದಕ್ಷರವೂ ಯಾರಿಗೂ ತಪ್ಪಲಿಲ್ಲ. ನನ್ನ ಪಕ್ಕದವನು ತನ್ನ ಗುಂಡಿಯನ್ನು ಬೆರಳಿನಿಂದ ಮೆಲ್ಲಗೆ ಸವರಿಕೊಂಡ.

ಅಯ್ಯೋ, ಎಂಥ ಕೆಲಸ ಮಾಡಿದರು! ಯಾರಿಗೂ ಹೇಳಬೇಡಿ ಎಂದು ದಮ್ಮಯ್ಯ ಹಾಕಿದವಳ ಗುಟ್ಟನ್ನು, ಯಾರಿಗೆ ತಿಳಿಯಬಾರದೋ ಅವನ ಎದುರಿಗೇ ಬಿಚ್ಚಿಟ್ಟಿದ್ದರು. ಭಾವನವರಿಗೂ ಅದು ಹೊಳೆದಿರಬೇಕು. ಅವರ ಮುಖ ಸುಣ್ಣದಂತಾಯಿತು. ಕಾರ್ಖಾನೆಯ ವಕೀಲರು ಛಂಗನೆ ಎದ್ದು, ‘ಇದು ಯಾರ ಹೇಳಿಕೆ ಸ್ವಾಮಿ? ಇವರಿಗೆ ಅಂಗಡಿ ಎಲ್ಲಿದೆ?’ ಎಂದು ನಕ್ಕರು.

ನ್ಯಾಯಾಧೀಶರು ನಗದೆ ಕೇಳಿದರು, ‘ವಕೀಲರೇ, ಹೆದರಿರೋದು ಅರ್ಜಿದಾರರೋ, ನೀವೋ?’

ಭಾವನವರು ಬಾಗಿಲ ಕಡೆ ನೋಡಿದರು. ಓಡಿಹೋಗುತ್ತಾರೆಂದೇ ನಾನು ತಿಳಿದೆ. ‘ನಾನು, ಸ್ವಾಮಿ’ ಎಂದರು. ‘ಅವರ ಹೆಸರನ್ನು ಈ ಅರ್ಜಿಯಿಂದ ಬಿಟ್ಟುಬಿಡಿ. ಅವರಿಗೂ ಇದಕ್ಕೂ ಇನ್ನು ಸಂಬಂಧ ಬೇಡ.’

‘ಅರ್ಜಿ ಒಂದು ಬೀದಿಯ ಮಕ್ಕಳದ್ದು, ಅದನ್ನ ಬಿಡೋ ಹಾಗಿಲ್ಲವಲ್ಲ. ಹೆದರದೇ ಇರೋರು ಯಾರಾದರೂ ಅವರ ಜಾಗಕ್ಕೆ ಬರ್ತಾರಾ?’

‘ಹೆದರದವರು ಯಾರೂ ನನಗೆ ಪರಿಚಯವಿಲ್ಲ ಸ್ವಾಮಿ. ನನ್ನ ಹೆಸರನ್ನೇ ಬರೆದುಕೊಳ್ಳಿ.’

ಹೀಗೆ ಒಂದು ಸರ್ವನಾಮದ ತಪ್ಪಿನಿಂದ ಹೊಲಿಗೆಯಮ್ಮನ ಮನೆಯ ಭಯ ನಮ್ಮ ಮನೆಗೆ ಬಂತು. ಮೆಟ್ಟಿಲಿಳಿಯುವಾಗ ಅವರು ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ‘ಇನ್ನು ಅವಳನ್ನ ಹೆದರಿಸಿ ಯಾರಿಗೇನು ಲಾಭ ಹೇಳು? ಕೇಸು ಅವಳ ಕೈಲಿಲ್ಲವಲ್ಲ’ ಎಂದು ನನ್ನನ್ನು ಕೇಳಿದರೋ ತಮ್ಮನ್ನೇ ಕೇಳಿಕೊಂಡರೋ ತಿಳಿಯಲಿಲ್ಲ. ಅವರ ಅಂಗೈಯ ಬೆವರು ನನ್ನ ತೋಳಿನ ಬಟ್ಟೆಯನ್ನು ತೋಯಿಸಿತ್ತು.

ಆ ವಾರವೇ ಗುಂಡಿಯವನು ನಮ್ಮ ಗೇಟಿಗೆ ಬಂದ. ನಾನೊಬ್ಬನೇ ಹೊರಗಿದ್ದೆ. ‘ನಿಮ್ಮಕ್ಕ ಬೆಳಗ್ಗೆ ಒಬ್ಬರೇ ವಾಕಿಂಗ್ ಹೋಗ್ತಾರಲ್ಲ ಸಾರ್, ಕೆರೆ ಏರಿ ಮೇಲೆ ಇನ್ನೂ ಮಬ್ಬು ಇರುತ್ತೆ. ಹೇಳಿ ಅವರಿಗೆ’ ಎಂದ. ಮಗುವಿಗೆ ಶೀತವಾಗಿದೆಯೆಂದು ಮರುಗುವ ನೆಂಟನ ದನಿ. ಬೇರೇನೂ ಹೇಳದೆ ನಡೆದುಹೋದ. ನಾನು ಗೇಟು ಹಾಕಿ, ಒಳಗೆ ಬಂದು, ಬಾಗಿಲು ಹಾಕಿ, ಚಿಲಕ ಜಡಿದೆ. ಮೂರು ಹೆಜ್ಜೆ ಹೋದವನು ಹಿಂದಿರುಗಿ ಅದನ್ನು ಮುಟ್ಟಿ ನೋಡಿದೆ. ಅಷ್ಟು ವರ್ಷ ನಾನು ಯಾವುದನ್ನು ಆಡಿಕೊಂಡು ನಕ್ಕಿದ್ದೆನೋ ಅದು ಈಗ ನನ್ನ ಬೆರಳಿಗೇ ಅಂಟಿಕೊಂಡಿತು.

ಸುದ್ದಿ ಕೇಳಿ ಭಾವನವರು ಗೋಡೆಗೆ ಒರಗಿ ಕೂತೇಬಿಟ್ಟರು. ‘ನಿನಗೇನಾದರೂ ಆದರೆ ನಾನು ಬದುಕಿರೋದಿಲ್ಲ ಕಣೇ’ ಎಂದು ಅಳುದನಿಯಲ್ಲಿ ಅಂದರು. ಅಕ್ಕ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತಳು. ‘ನೋಡಿ, ಕೇಸು ಬಿಡಿ ಅಂತ ನಾನು ಹೇಳಲ್ಲ, ವಾಕಿಂಗ್ ಬಿಡು ಅಂತ ನೀವೂ ಹೇಳಬೇಡಿ’ ಎಂದವಳ ದನಿ ಕೊನೆಗೆ ಸ್ವಲ್ಪ ಒಡೆಯಿತು. ಮರುದಿನದಿಂದ ನಾವು ಮೂವರೂ ಹೊರಟೆವು: ಮುಂದೆ ಅಕ್ಕ, ನಡುವೆ ಗೋಡೆ ಸಿಗದೆ ಒದ್ದಾಡುವ ಭಾವ, ಹಿಂದೆ ಎಲ್ಲ ಸೈಕಲ್ಲುಗಳಿಗೂ ಬೆಚ್ಚುವ ನಾನು.

ಅರ್ಜಿದಾರನಾದವನು ವಕೀಲನ ಉಡುಪಿನಲ್ಲಿ ತನ್ನ ಮೊಕದ್ದಮೆ ತಾನು ವಾದಿಸುವಂತಿಲ್ಲವಂತೆ. ಮುಂದಿನ ವಿಚಾರಣೆಗೆ ಭಾವನವರು ಆ ಜೇಬಿಲ್ಲದ ಕೋಟನ್ನು ಕಳಚಿ ನನ್ನ ತೊಡೆಯ ಮೇಲಿಟ್ಟು ಹೋಗಿ ನಿಂತರು. ಅಂಗಿಯಲ್ಲಿ ಎಷ್ಟು ಬಡಕಲಾಗಿ ಕಂಡರು! ಫ್ಯಾನು ನಿಂತಿತು. ‘ನಾನು…’ ಎಂದರು. ಅಷ್ಟಕ್ಕೇ ಮಾತು ನಿಂತಿತು. ಅಷ್ಟು ವರ್ಷ ಕಂಡಕಂಡವರಿಗೆಲ್ಲ ಎರವಲು ಕೊಟ್ಟಿದ್ದ ಆ ಪದ, ತಮ್ಮ ಪಾಲಿಗೆ ಬಂದಾಗ ಗಂಟಲಲ್ಲಿ ಸಿಕ್ಕಿಕೊಂಡಿತು. ಗುಂಡಿಯವನು ಕಿಟಕಿಯ ಪಕ್ಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನ್ಯಾಯಾಧೀಶರು ಕಾದರು. ಭಾವನವರು ಕಣ್ಣು ಮುಚ್ಚಿದರು.

‘ನಾನು ಬಟ್ಟೆ ಹೊಲಿಯುವವಳು, ಸ್ವಾಮಿ. ನನ್ನ ಮಗಳಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ.’

ಕಾರ್ಖಾನೆಯ ವಕೀಲರು ಏಳಲು ಹೋದರು. ನ್ಯಾಯಾಧೀಶರು ಕೈಸನ್ನೆಯಿಂದ ಕೂರಿಸಿದರು. ಈ ಸಲ ಯಾರೂ ನಗಲಿಲ್ಲ. ಮಕ್ಕಳ ರಕ್ತಪರೀಕ್ಷೆಯಾಗಿ ವರದಿ ಬರುವವರೆಗೆ ಕುಲುಮೆ ಹಚ್ಚಕೂಡದೆಂದು ಅಂದೇ ಆಜ್ಞೆಯಾಯಿತು. ಕೋಟು ತೊಡಿಸುವಾಗ ನೋಡಿದೆ, ಅವರ ಬೆನ್ನು ಒದ್ದೆಯಾಗಿತ್ತು.

ವರದಿ ಇನ್ನೂ ಬಂದಿಲ್ಲ, ಮೊಕದ್ದಮೆ ಇನ್ನೂ ಮುಗಿದಿಲ್ಲ. ಹೊಲಿಗೆಯಮ್ಮನ ಅಂಗಡಿಗೆ ಮತ್ತೆ ಯಾರೂ ಹೋಗಿಲ್ಲವಂತೆ. ಬಾಗಿಲು ತೆರೆದಿಟ್ಟುಕೊಂಡೇ ಹೊಲಿಯುತ್ತಾಳಂತೆ. ಭಾವನವರಂಥವರನ್ನು ಜನ ಧೀರರೆಂದು ಹೊಗಳುತ್ತಾರೆ, ನಾನೂ ಹಾಗೆ ಬರೆದದ್ದುಂಟು. ಇನ್ನು ಬರೆಯಲಾರೆ. ಈ ಜಾತಿಯ ಮನುಷ್ಯರಿಗೆ ಧೈರ್ಯವೆಂಬುದು ಎಳ್ಳಷ್ಟೂ ಇರುವುದಿಲ್ಲ. ಹೆದರಿದವರು ಬಂದು ಎದುರಿಗೆ ಕೂತಾಗ ‘ಅದನ್ನು ಇತ್ತ ಕೊಡಿ, ಅದು ನನ್ನದು’ ಎನ್ನುವ ಒಂದು ಹುಚ್ಚು ಅಭ್ಯಾಸ ಮಾತ್ರ ಇರುತ್ತದೆ. ಊರಿನ ಭಯವೆಲ್ಲ ಅವರೊಬ್ಬರ ಮನೆಗೆ ಬಂದು ಸೇರುವುದರಿಂದಲೇ ಎಷ್ಟೋ ಬಾಗಿಲುಗಳು ತೆರೆದಿರುತ್ತವೆ. ಕೆಳಗಡೆ ಅವರು ಚಿಲಕ ಮುಟ್ಟಿ ನೋಡಿದ ಸದ್ದು ಈಗಷ್ಟೇ ಕೇಳಿಸಿತು. ನಾನೂ ಒಮ್ಮೆ ಇಳಿದು ನೋಡಿ ಬರುತ್ತೇನೆ.