ಬಾವಿಯ ಕಪ್ಪೆ, ಗಂಗೆಯ ಸೂಸು

ಕೃಷ್ಣಮೂರ್ತಿಪುರಂನ ಜವರಯ್ಯನ ಬಾವಿಯಲ್ಲಿ ಕಪ್ಪೆಗಳು ವಟಗುಟ್ಟಿದರೆ ಅರಮನೆ ಬ್ಯಾಂಡಿನವರೂ ನಾಚಿ ವಾದ್ಯ ಕೆಳಗಿಡಬೇಕು, ಅಂಥ ಗಲಾಟೆ. ಆ ಬಾವಿ ಮೂರು ದಿನದಿಂದ ಸದ್ದಿಲ್ಲದೆ ಇತ್ತು. ನಾಲ್ಕನೆಯ ಬೆಳಿಗ್ಗೆ ಕೊಡದ ಜೊತೆ ಎರಡು ಸತ್ತ ಕಪ್ಪೆ ಮೇಲೆ ಬಂದವು.

ಹೆರಿಗೆಗೆ ತವರಿಗೆ ಬಂದಿದ್ದ ಜವರಯ್ಯನ ಮಗಳು ಸಾಕಮ್ಮನನ್ನು ನೋಡಲು ನರ್ಸ್ ಜ್ಞಾನಮ್ಮ ಆಗತಾನೆ ಬಂದಿದ್ದರು. ಕಪ್ಪೆ ಕಂಡು ಅಲ್ಲೇ ನಿಂತರು.

"ಜವರಯ್ಯನೋರೆ, ಬಾವಿಗೇನು ಹಾಕಿದ್ರಿ?"

"ನಾನ್ಯಾಕೆ ಹಾಕ್ಲಿ? ಮಗಳು ಬತ್ತಾಳೆ ಅಂತ ಮಂಚದ ತಿಗಣೆಗೆ ಡಿ.ಡಿ.ಟಿ. ಪುಡಿ ಕಲಸಿ ಬಳಿದಿದ್ದೆ. ಮಲೇರಿಯಾದವರತ್ರ ಇಸ್ಕಂಡಿದ್ದು. ಆಮೇಲೆ ಮಂಚಾನ ಬಾವಿಕಟ್ಟೆ ಮೇಲೆ ತೊಳ್ದೆ, ಅಷ್ಟೇ ಕಣಮ್ಮ."

ಕಟ್ಟೆಯ ಬಿರುಕಿನಿಂದ ಬೆಳ್ಳನೆಯ ನೀರು ಒಳಗಿಳಿದ ಗುರುತು ಇನ್ನೂ ಇತ್ತು.

"ಇನ್ನು ಈ ನೀರು ಯಾರೂ ಕುಡೀಬೇಡಿ."

ಜವರಯ್ಯ ನಕ್ಕುಬಿಟ್ಟ. "ಇಷ್ಟು ಪುಡಿಗಾ? ಕಾಶೀಲಿ ನೋಡಿವ್ನಿ, ಗಂಗೇಲಿ ಸೂಸು ಅಂತ ಮೀನು. ಎಮ್ಮೆ ಗಾತ್ರ! ಊರ ಚರಂಡಿ, ಹೆಣದ ಬೂದಿ ಎಲ್ಲಾ ಅದೇ ನೀರಿಗೆ. ಅದು ಚಂಗನೆ ನೆಗೆದು ನನ್ನ ರುಮಾಲೇ ಕಿತ್ಕಂಡು ಹೋಯ್ತು! ಅದಕ್ಕಾಗದ್ದು ಕಪ್ಪೆಗಾಯ್ತಾ?"

"ಹೋದ ಸಲ ರುಮಾಲು ರೈಲಲ್ಲಿ ಕಳ್ದೋಯ್ತು ಅಂದಿದ್ರಿ" ಎಂದು ಹೆಂಡತಿ ದೇವಿರಮ್ಮ ಚುಚ್ಚಿದಳು.

ಜ್ಞಾನಮ್ಮ ನಗಲಿಲ್ಲ. "ಸೂಸು ಮೀನಲ್ಲ, ಹೊಳೆ ಡಾಲ್ಫಿನ್ನು. ನಮ್ಮಂಗೇ ಹೆತ್ತು ಹಾಲೂಡಿಸೋ ಪ್ರಾಣಿ. ಚರ್ಮ ದಪ್ಪ. ಉಸಿರಿಗೆ ಮೇಲಕ್ಕೆ ಬಂದು, ನೆತ್ತಿ ಮೇಲಿನ ಮೂಗಿಂದ ಗಾಳಿ ಎಳ್ಕೊಳ್ಳುತ್ತೆ. ಆ ಕೊಳಕು ಅದಕ್ಕೂ ಒಳ್ಳೇದಲ್ಲ, ನಿಧಾನಕ್ಕೆ ತಿನ್ನುತ್ತೆ. ಕಪ್ಪೆ ಹಂಗಲ್ಲ. ಚರ್ಮದಲ್ಲೇ ನೀರು ಕುಡಿಯುತ್ತೆ, ಚರ್ಮದಲ್ಲೂ ಉಸಿರಾಡುತ್ತೆ. ನೀರಲ್ಲಿರೋದೆಲ್ಲ ಸೀದಾ ಒಳಕ್ಕೆ."

"ಸತ್ತಿದ್ದು ಕಪ್ಪೆ ತಾನೆ, ಬುಡಿ."

"ನಿಮ್ಮ ಮಗಳ ಹೊಟ್ಟೇಲಿರೋ ಕೂಸೂ ನೀರಲ್ಲೇ ಇದೆ. ಅದು ಉಸಿರಿಗೆ ಅಂತ ಎಲ್ಲಿಗೆ ಮೇಲೆ ಬರುತ್ತೆ? ತಾಯಿ ಕುಡಿದದ್ದೇ ಅದಕ್ಕೆ ಗತಿ."

ಜವರಯ್ಯನ ನಗು ಆರಿತು. ಮೂರು ದಿನ ತಾನೇ ಸೇದಿ, ಮಗಳ ಕೈಗೆ ಚೊಂಬು ಕೊಟ್ಟಿದ್ದ.

"ಬಟ್ಟೇಲಿ ಸೋಸಿ ಕೊಟ್ಟೆ ಕಣಮ್ಮ... ಮಗೀಗೆ ಏನಾದ್ರೂ ಆಗುತ್ತಾ?"

"ಸೋಸಿದ್ರೆ ಹೋಗಲ್ಲ. ಏನಾಗುತ್ತೋ ನಂಗೂ ಗೊತ್ತಿಲ್ಲ."

ಜವರಯ್ಯ ಕುಡುಗೋಲು ತಂದು ಬಾವಿಯ ಹಗ್ಗ ಕತ್ತರಿಸಿದ. ಬಾಯಿಗೆ ಹಲಗೆ ಹೊದಿಸಿದ. ಅಂದಿನಿಂದ ಬೀದಿ ನಲ್ಲಿಯೇ ಗತಿ. ಅಲ್ಲಿ ಸಾಲಿನಲ್ಲಿ ನಿಂತವರು, "ಆ ಸೂಸು ಕಥೆ ಹೇಳಣ್ಣ" ಅನ್ನುತ್ತಾರೆ. ಅವನು ಕಪ್ಪೆಯ ಕಥೆ ಹೇಳುತ್ತಾನೆ. ಅದರಲ್ಲಿ ಒಂದು ಸುಳ್ಳೂ ಇಲ್ಲ. ಮನೆಯಲ್ಲಿ ಮಗಳು ದಿನ ಎಣಿಸುತ್ತಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ಪುಡಿ ಬಳಿದ ಮಂಚ, ಕಲಸಿದ ಡಬ್ಬ ಬಾವಿಯ ಹತ್ತಿರ ತೊಳೆಯಬೇಡಿ. ನಿಮ್ಮ ಬಾವಿಯ ಕಪ್ಪೆ ಸುಮ್ಮನಾದರೆ, ಕೊಡ ಇಳಿಸುವ ಮೊದಲು ಬಗ್ಗಿ ನೋಡಿ. ನಿಮಗಿಂತ ಮೊದಲು ಆ ನೀರು ಕುಡಿದದ್ದು ಅದೇ.