ಎಡಗೆನ್ನೆ

ನಮ್ಮ ಅಂಗಡಿಯ ಬೋರ್ಡಿನ ಮೇಲೆ ಈಗಲೂ ಸ್ಟುಡಿಯೋ ಎಂದೇ ಇದೆ. ಒಳಗೆ ಬಂದವರು ಕೇಳುವುದು ಮಾತ್ರ ಜೆರಾಕ್ಸ್. ಅದು ಬಿಟ್ಟರೆ ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಫೋನಿನ ಗಾಜು ಒಡೆದಿದ್ದರೆ ಅದಕ್ಕೊಂದು ಹೊಸ ಗಾಜು. ಫೋಟೋ ಎಂದು ಬರುವವರು ಪಾಸ್‌ಪೋರ್ಟ್ ಅಳತೆಯವರು ಅಷ್ಟೇ. ಅವರೂ ಕ್ಲಿಕ್ ಎನ್ನುವ ಮೊದಲೇ ಎದ್ದು, ತೋರಿಸಿ ನೋಡೋಣ ಎನ್ನುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಯಾರೂ ಹಾಗೆ ಕೇಳುತ್ತಿರಲಿಲ್ಲ. ಸಂಜೆ ಬನ್ನಿ ಎಂದರೆ ಸಂಜೆ ಬರುತ್ತಿದ್ದರು, ತಮ್ಮ ಮುಖ ಹೇಗೆ ಬಂದಿದೆಯೋ ಎಂದು ಒಳಗೊಳಗೇ ಹೆದರಿಕೊಂಡು ಬರುತ್ತಿದ್ದರು. ನಮ್ಮ ಮನೆ ನಡೆದದ್ದು ಆ ಹೆದರಿಕೆಯ ಮೇಲೆ.

ಅದನ್ನು ಕಳೆಯುತ್ತಿದ್ದವನು ನಮ್ಮಪ್ಪ. ಊರೆಲ್ಲ ಅವನನ್ನು ಟಚಪ್ ಮೇಷ್ಟ್ರು ಎಂದು ಕರೆಯುತ್ತಿತ್ತು. ಮದುಮಗಳ ಮೊಡವೆ, ಮದುಮಗನ ಕಣ್ಣ ಕೆಳಗಿನ ಕಪ್ಪು, ಅತ್ತೆಯ ಗದ್ದದ ಕೆಳಗೆ ಜೋತ ಇನ್ನೊಂದು ಗದ್ದ, ಎಲ್ಲವನ್ನೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಡುತ್ತಿದ್ದ. ಗುಂಪು ಫೋಟೋದಲ್ಲಿ ಯಾರಾದರೂ ಕಣ್ಣು ಮುಚ್ಚಿಕೊಂಡಿದ್ದರೆ ಬೇರೆ ಫೋಟೋದಿಂದ ಅವರದೇ ಕಣ್ಣು ತಂದು ಕೂರಿಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ಮೇಷ್ಟ್ರ ಕೈಗೆ ಸಿಕ್ಕಿದ ಮೇಲೆ ಊರಿಗೇ ಮುದ್ದು ಎಂದು ಎದುರಂಗಡಿಯ ದರ್ಜಿ ನಗುತ್ತಿದ್ದ. ಅಪ್ಪ ಇದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ನಮ್ಮಮ್ಮನ ಎಡಗೆನ್ನೆಯ ಮೇಲೆ ಸುಟ್ಟ ಕಲೆಯೊಂದಿತ್ತು. ಚಿಕ್ಕವಳಿದ್ದಾಗ ಕುದಿಯುವ ನೀರಿನ ಪಾತ್ರೆ ಅವಳ ಮೇಲೆ ಮಗುಚಿತ್ತಂತೆ. ನನಗೆ ಇದನ್ನು ಹೇಳಿದ್ದು ಚಿಕ್ಕಮ್ಮ, ಅಮ್ಮನಲ್ಲ. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಅಪ್ಪ ಮದುವೆಯ ಫೋಟೋದಲ್ಲೇ ಅದನ್ನು ಅಳಿಸಿದ್ದ. ಆಗಿನ್ನೂ ಕಂಪ್ಯೂಟರ್ ಬಂದಿರಲಿಲ್ಲ, ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಮಾಡುವ ಕೆಲಸ. ಹೊಸ ಹೆಂಡತಿಗೆ ಕೊಡಲು ಅವನ ಹತ್ತಿರ ಇದ್ದ ಉಡುಗೊರೆ ಅದೊಂದೇ. ಅಮ್ಮ ಆ ಫೋಟೋವನ್ನು ಬಹಳ ಹೊತ್ತು ನೋಡಿ, ಚೆನ್ನಾಗಿದೆ ಅಂದಳಂತೆ. ಅವಳಿಗೆ ನಿಜವಾಗಿ ಏನನಿಸಿತೋ ದೇವರೇ ಬಲ್ಲ. ಅಲ್ಲಿಂದ ಮುಂದೆ ಮನೆಯ ಯಾವ ಫೋಟೋದಲ್ಲೂ ಆ ಕಲೆ ಉಳಿಯಲಿಲ್ಲ. ಕ್ಯಾಮೆರಾ ಕಂಡರೆ ಸಾಕು, ಅಮ್ಮನ ಮುಖ ತಾನಾಗಿಯೇ ಎಡಕ್ಕೆ ತಿರುಗಿ ಬಲಗೆನ್ನೆ ಮುಂದಾಗುತ್ತಿತ್ತು.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಮೊದಮೊದಲು ಅಪ್ಪ ಅದನ್ನು ಆಟಿಕೆ ಎಂದು ಮೂಗು ಮುರಿದ. ಅವನು ಆಯುಷ್ಯವೆಲ್ಲ ಕೂತು ಕಲಿತದ್ದನ್ನು ಆ ಆಟಿಕೆ ಹುಟ್ಟುವಾಗಲೇ ಕಲಿತು ಬಂದಿತ್ತು. ಯಾರೂ ಕೇಳದಿದ್ದರೂ ಮುಖ ಬೆಳ್ಳಗೆ ಮಾಡುತ್ತಿತ್ತು, ಸುಕ್ಕು ಉಜ್ಜಿ ಹಾಕುತ್ತಿತ್ತು. ಮದುವೆ ಮನೆಯವರು ನಮ್ಮನ್ನು ಕರೆಯುವುದು ಕಮ್ಮಿಯಾಯಿತು. ಸ್ಟುಡಿಯೋದ ಪರದೆ ಮಡಿಚಿಟ್ಟು ಆ ಜಾಗದಲ್ಲಿ ಜೆರಾಕ್ಸ್ ಯಂತ್ರ ಇಟ್ಟೆವು. ಕೌಂಟರಿಗೆ ನಾನು ಕೂತೆ. ಅಪ್ಪ ಒಳಗಿನ ಕಂಪ್ಯೂಟರಿನ ಮುಂದೆ ಹಳೆಯ ಮುಖಗಳನ್ನು ತಿದ್ದುತ್ತ ಉಳಿದ. ಯಾರಿಗೆ ಎಂದು ಕೇಳಿದರೆ ಸಿಡುಕುತ್ತಿದ್ದ.

ಅದೇ ಸುಮಾರಿಗೆ ಅಮ್ಮನಿಗೆ ಮರೆವು ಶುರುವಾಯಿತು. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ದಿಕ್ಕು, ಆಮೇಲೆ ನಮ್ಮ ಹೆಸರು. ವೈದ್ಯರು ಇದು ಹೀಗೇ ಹೋಗುತ್ತದೆ, ಬಾಗಿಲಿಗೆ ಒಳಗಿಂದ ಚಿಲಕ ಹಾಕಿ ಎಂದರು. ನಾವು ಹಾಕುತ್ತಿದ್ದೆವು. ಆದರೂ ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ತೆರೆದಿತ್ತು, ಅಮ್ಮ ಇರಲಿಲ್ಲ. ಹಸಿರು ಸ್ವೆಟರ್ ಗೂಟದ ಮೇಲೆ ಇರಲಿಲ್ಲ. ಅವಳ ಫೋನು ಮಾತ್ರ ದಿಂಬಿನ ಪಕ್ಕದಲ್ಲೇ ಇತ್ತು.

ನಾನು ಬೀದಿ ಬೀದಿ ಅಲೆಯಲು ಹೊರಟೆ. ಅಪ್ಪನಿಗೆ ಮಂಡಿನೋವು, ಅವನು ಮನೆಯಲ್ಲಿ ಕೂತು ಫೋಟೋ ಕಳಿಸುವ ಕೆಲಸ ಹಿಡಿದ. ಪೊಲೀಸರಿಗೆ ಕೊಟ್ಟ, ಗಿರಾಕಿಗಳಿಗೆ ಕಳಿಸಿದ, ನೆಂಟರ ಗುಂಪು, ವ್ಯಾಪಾರಿಗಳ ಗುಂಪು, ಬಸ್ಸಿನವರ ಗುಂಪು, ಯಾವುದನ್ನೂ ಬಿಡಲಿಲ್ಲ. ಕೆಳಗೆ ಅವನೇ ಬರೆದ: ವಯಸ್ಸು, ಎತ್ತರ, ಹಸಿರು ಸ್ವೆಟರ್, ಮರೆವಿನ ಕಾಯಿಲೆ, ಕಂಡವರು ಈ ನಂಬರಿಗೆ ತಿಳಿಸಿ. ಕತ್ತಲಾಗುವ ಹೊತ್ತಿಗೆ ಊರಿನ ಎಲ್ಲರ ಫೋನಿನಲ್ಲೂ ನಮ್ಮಮ್ಮ ಇದ್ದಳು. ಎಂಥ ಕಾಲ ಬಂತು, ಮನುಷ್ಯರು ಕಳೆದುಹೋಗೋದೇ ಇನ್ನು ಕಷ್ಟ ಎಂದು ದರ್ಜಿ ನನಗೆ ಧೈರ್ಯ ಹೇಳಿದ. ನಾನೂ ನಂಬಿದೆ.

ಮರುದಿನ ಮಧ್ಯಾಹ್ನ ಬಸ್ ನಿಲ್ದಾಣಕ್ಕೆ ಹೋದೆ. ಅಲ್ಲಿನ ಹೆಂಗಸರ ವಿಶ್ರಾಂತಿ ಕೋಣೆಯನ್ನು ಗುಡಿಸುವ ಒಬ್ಬಾಕೆ ಪೊರಕೆಗೆ ಒರಗಿ ನಿಂತಿದ್ದಳು. ನಾನು ಫೋನು ಮುಂದೆ ಹಿಡಿದೆ. ಅವಳು ತಲೆಯಾಡಿಸಿ, ಈ ಫೋಟೋ ನಿನ್ನೆ ಸಂಜೆಯೇ ನನಗೂ ಬಂತು, ಬಂದಾಗಿನಿಂದ ಕಣ್ಣಿಟ್ಟು ನೋಡುತ್ತಲೇ ಇದ್ದೇನೆ ಎಂದಳು. ಹಸಿರು ಸ್ವೆಟರಿನ ಹೆಂಗಸೊಬ್ಬಳು ಇಲ್ಲೇ ಮೂಲೆಯ ಬೆಂಚಿನ ಮೇಲೆ ಬೆಳಗಿನವರೆಗೂ ಕೂತಿದ್ದಳಂತೆ. ಇವಳು ಹತ್ತಿರ ಹೋಗಿ ಫೋಟೋ ಪಕ್ಕಕ್ಕಿಟ್ಟು ನೋಡಿದ್ದಳಂತೆ ಕೂಡ.

"ಅವರಲ್ಲ ಬಿಡಮ್ಮ," ಎಂದಳು. "ಅವರಿಗೆ ಇಲ್ಲಿಂದ ಇಲ್ಲೀವರೆಗೂ ಸುಟ್ಟ ಕಲೆ ಇತ್ತು. ನಿಮ್ಮ ತಾಯಿ ಮುಖ ಎಷ್ಟು ಚೊಕ್ಕವಾಗಿದೆ ನೋಡಿ."

ಅವಳ ಬೆರಳು ಕಿವಿಯಿಂದ ದವಡೆಯವರೆಗೆ ಇಳಿಯಿತು. ಎಡಗೆನ್ನೆ. ಬೆಳಗಿನ ಬಸ್ಸು ಬಂದಾಗ ಉಳಿದವರ ಜೊತೆ ಆ ಹೆಂಗಸೂ ಎದ್ದು ಹತ್ತಿದಳು, ಯಾವ ಬಸ್ಸೋ ಗಮನಿಸಲಿಲ್ಲ ಎಂದಳು ಪಾಪ. ಅವಳದೇನು ತಪ್ಪು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನಮ್ಮ ತುತ್ತನ್ನು ನಮ್ಮ ಮನೆಯ ಕೈಯೇ ಕಿತ್ತುಕೊಂಡಿತ್ತು.

ನೇರ ಮನೆಗೆ ಬಂದೆ. ಅಪ್ಪ ಕಂಪ್ಯೂಟರಿನ ಮುಂದೆಯೇ ಇದ್ದ. ಪರದೆಯ ಮೇಲೆ ಅಮ್ಮ ನಗುತ್ತಿದ್ದಳು, ಅರ್ಧ ತಿರುಗಿದ, ನುಣ್ಣನೆಯ, ಬಲಗೆನ್ನೆಯ ಅಮ್ಮ. ಇದಕ್ಕಿಂತ ಚೆನ್ನಾಗಿರುವುದೊಂದು ಸಿಕ್ಕಿದೆ, ಕಳಿಸಲೇ ಎಂದು ಕೇಳಿದ. ಅವನು ನಿಜವಾಗಿಯೂ ಚೆನ್ನಾಗಿರುವುದನ್ನು ಹುಡುಕುತ್ತಿದ್ದ. ಕಳೆದುಹೋದವಳಿಗೆ ಬೇಕಾದದ್ದು ಚೆಂದದ ಫೋಟೋ ಅಲ್ಲ ಎಂಬುದು ಯಾರಿಗಾದರೂ ಹೊಳೆದೀತು, ಫೋಟೋದವನಿಗೆ ಹೊಳೆಯಲಿಲ್ಲ. ನನಗೆ ಬಂದ ಸಿಟ್ಟನ್ನು ನಾನು ಮುಚ್ಚಿಡಲಿಲ್ಲ.

"ಅಪ್ಪಾ, ನಮ್ಮಮ್ಮನ ಕೆನ್ನೆ ಎಲ್ಲಿ?"

ಅವನಿಗೆ ಅರ್ಥವಾಗಲಿಲ್ಲ. ಬಸ್ ನಿಲ್ದಾಣದ ಮಾತನ್ನು ಹೇಳಿದೆ. ಇಬ್ಬರೂ ಮನೆಯಲ್ಲಿದ್ದ ಫೋಟೋಗಳನ್ನೆಲ್ಲ ತೆರೆದೆವು. ಮದುವೆಯದು, ನನ್ನ ಶಾಲೆಯ ದಿನಗಳದು, ನೆಂಟರ ಜೊತೆಯದು, ಒಂದರಲ್ಲೂ ಇಲ್ಲ. ನನ್ನ ಫೋನಿನವು ಇನ್ನೂ ಅನ್ಯಾಯ. ಅಮ್ಮ ಮುಖ ತಿರುಗಿಸಿದ್ದಳು, ಉಳಿದದ್ದನ್ನು ಫೋನು ಉಜ್ಜಿತ್ತು. ಗುರುತಿನ ಚೀಟಿಯ ಫೋಟೋದಲ್ಲಿ ಅಮ್ಮನೂ ಒಂದೇ, ಪಕ್ಕದ ಮನೆಯವರೂ ಒಂದೇ, ಅಷ್ಟು ಕಪ್ಪು. ಊರಿಗೆಲ್ಲ ಮುಖ ಕೊಟ್ಟ ಮನೆಯಲ್ಲಿ ಮನೆಯೊಡತಿಯದೇ ಮುಖ ಇರಲಿಲ್ಲ.

ಅಮ್ಮ ಹೆಚ್ಚುಕಡಿಮೆ ನೇರ ನೋಡುತ್ತಿದ್ದ ಒಂದು ಫೋಟೋವನ್ನು ಅಪ್ಪ ತೆರೆದು, ಎಡಗೆನ್ನೆಯನ್ನು ದೊಡ್ಡದು ಮಾಡಿದ. ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಕಿವಿಯ ಕೆಳಗಿನಿಂದ ಶುರು ಮಾಡಿದ. ಅಲ್ಲಿ ಚರ್ಮ ಸ್ವಲ್ಪ ಹೊಳೆಯುತ್ತದೆ, ಹೊಳಪು ಹಾಕಿದ. ಕೆನ್ನೆಯ ನಡುವೆ ಬಣ್ಣ ಗಾಢವಾಗುತ್ತದೆ, ಗಾಢ ಮಾಡಿದ. ದವಡೆಯ ಹತ್ತಿರ ಎರಡಾಗಿ ಕವಲೊಡೆಯುವುದು, ನಕ್ಕಾಗ ಮೇಲೇಳುವ ಸಣ್ಣ ಮಡಿಕೆ, ಬಾಯಿಯ ಮೂಲೆಯನ್ನು ಒಂದಿಷ್ಟೇ ಎಳೆದ ಬಿಗಿ, ಎಲ್ಲವೂ ಅವನ ಕೈಯಿಂದ ಬಂದವು. ಒಮ್ಮೆಯೂ ತಡೆಯಲಿಲ್ಲ, ಒಮ್ಮೆಯೂ ಹಿಂದೆ ಹೋಗಿ ತಿದ್ದಲಿಲ್ಲ. ಅಷ್ಟು ವರ್ಷ ಅಳಿಸಿದವನಿಗೆ ಅದು ಬಾಯಿಪಾಠವಾಗಿತ್ತು. ಅಮ್ಮನ ಆ ಕೆನ್ನೆಯನ್ನು ಅವನಷ್ಟು ಹೊತ್ತು ನೋಡಿದವರು ಲೋಕದಲ್ಲಿ ಯಾರೂ ಇರಲಿಲ್ಲ ಎಂದು ಆಗ ನನಗೆ ತಿಳಿಯಿತು. ಸಿಟ್ಟು ಹೋಗಿ ಅಳು ಬಂತು. ಅಪ್ಪನ ಕಣ್ಣಲ್ಲಿ ನೀರಿತ್ತೋ ಏನೋ, ನಾನು ಮುಂದೆ ಹೋಗಿ ನೋಡಲಿಲ್ಲ.

ಆ ಫೋಟೋ ಕಳಿಸಿದ ಮರುದಿನ ಬೆಳಿಗ್ಗೆ ಇನ್ನೊಂದು ಊರಿನ ಸಣ್ಣ ಆಸ್ಪತ್ರೆಯಿಂದ ಒಬ್ಬ ನರ್ಸ್ ಫೋನು ಮಾಡಿದಳು. ಬಸ್ಸಿನಿಂದಿಳಿಯುವಾಗ ಬಿದ್ದ ಒಬ್ಬರನ್ನು ಯಾರೋ ಕರೆತಂದಿದ್ದಾರೆ, ಕಾಲು ಉಳುಕಿದೆ ಅಷ್ಟೇ, ಕೆನ್ನೆಯ ಗುರುತು ಸರಿಹೋಗುತ್ತದೆ ಎಂದಳು.

ನಾವು ಹೋದಾಗ ಅಮ್ಮ ಮಂಚದ ಮೇಲೆ ಕೂತಿದ್ದಳು. ನನ್ನ ಗುರುತು ಹತ್ತಲಿಲ್ಲ. ಅಪ್ಪನನ್ನು ಮಾತ್ರ ಸ್ವಲ್ಪ ಹೊತ್ತು ನೋಡಿ, "ಫೋಟೋ ತೆಗೀತೀರಾ?" ಎಂದು ಕೇಳಿ ಅಭ್ಯಾಸದಂತೆ ಮುಖ ತಿರುಗಿಸಿದಳು. ಅಪ್ಪ ಅವಳ ಗದ್ದ ಹಿಡಿದು ಮೆಲ್ಲಗೆ ತನ್ನ ಕಡೆ ತಿರುಗಿಸಿದ.

"ನೇರ ನೋಡು," ಎಂದ. "ಹಾಗೇ ಇರು."

ಅಂಥ ಫೋಟೋ ಅವನು ಅವಳದು ತೆಗೆದದ್ದು ಅದೇ ಮೊದಲು.

ಅಮ್ಮ ಆಮೇಲೆ ಹೆಚ್ಚು ಕಾಲ ಇರಲಿಲ್ಲ. ಮನೆಯಲ್ಲೇ, ತನ್ನ ಹಾಸಿಗೆಯಲ್ಲೇ, ಅಪ್ಪ ಪಕ್ಕದಲ್ಲಿರುವಾಗ ಹೋದಳು. ಆದರೆ ನಾವು ಕಳಿಸಿದ ಅಮ್ಮ ನಿಲ್ಲಲಿಲ್ಲ. ಸಿಕ್ಕಿದ್ದಾರೆ, ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ ಎಂದು ಅಂದೇ ಎಲ್ಲರಿಗೂ ತಿಳಿಸಿದ್ದೆವು. ಕಳೆದುಹೋದ ಸುದ್ದಿಗೆ ನೂರು ಕಾಲು, ಸಿಕ್ಕ ಸುದ್ದಿ ಹುಟ್ಟು ಹೆಳವ. ಅಮ್ಮನ ಫೋಟೋ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ಇವತ್ತಿಗೂ ನಡೆಯುತ್ತಲೇ ಇದೆ. ಯಾರೋ ಪುಣ್ಯಾತ್ಮರು ಎಲ್ಲಿಂದಲೋ ಫೋನು ಮಾಡುತ್ತಾರೆ. ನಂಬರ್ ಬದಲಿಸೋಣ ಎಂದು ನಾನು ಎಷ್ಟೋ ಸಲ ಹೇಳಿದೆ. ಸತ್ತವಳನ್ನು ಮತ್ತೆ ಮತ್ತೆ ಸತ್ತಳು ಎಂದು ಹೇಳುವುದು ನನ್ನಿಂದಾಗುವುದಿಲ್ಲ. ಅಪ್ಪ ಒಪ್ಪಲಿಲ್ಲ. ಪ್ರತಿಯೊಬ್ಬರಿಗೂ ತಾನೇ ಮಾತಾಡಿ, ಸಿಕ್ಕಿದರು, ಮನೆಯಲ್ಲೇ ತೀರಿಕೊಂಡರು, ನಿಮಗೆ ಒಳ್ಳೆಯದಾಗಲಿ ಎನ್ನುತ್ತಾನೆ.

ಕಳೆದ ವಾರ ಬಂದದ್ದು ಬಹಳ ದೂರದ ಕರೆ. ಹಣ್ಣಿನ ಅಂಗಡಿಯವನೊಬ್ಬ. ಅಮ್ಮ ತನ್ನ ಅಂಗಡಿಯ ಮುಂದೆಯೇ ಕೂತಿದ್ದಾರೆ, ಅದೇ ಎಡಗೆನ್ನೆ, ಅದೇ ಕಲೆ, ಎಂದು ಸಂಭ್ರಮದಿಂದ ಹೇಳಿದ. ಅಪ್ಪ ಎಂದಿನಂತೆ ತನ್ನ ಮಾತು ಹೇಳಿ ಮುಗಿಸಿದ. ಆಮೇಲೆ ಆತ ಕೇಳಿದ್ದು ನನಗೂ ಕೇಳಿಸಿತು.

"ಹಾಗಾದ್ರೆ ಇವರು ಯಾರು ಸಾರ್?"

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಆ ಹೆಂಗಸಿನದು ಊಟವಾಗಿದೆಯೇ ಎಂದು ವಿಚಾರಿಸಿದ. ಪೊಲೀಸರಿಗೆ ತಿಳಿಸಲು ಹೇಳಿದ. ಅವರ ಒಂದು ಫೋಟೋ ತೆಗೆದು ತನಗೆ ಕಳಿಸಲು ಹೇಳಿದ. ಫೋಟೋ ಬಂತು, ಯಾರೋ ಒಬ್ಬ ಮುದುಕಿ, ಮುಖ ಬೊಂಬೆಯ ಹಾಗೆ ನುಣ್ಣಗೆ. ಅಪ್ಪ ತಕ್ಷಣ ತಿರುಗಿ ಫೋನು ಮಾಡಿದ.

"ನಿಮ್ಮ ಫೋನು ಮುಖ ತೊಳೆದುಬಿಟ್ಟಿದೆ," ಎಂದ. "ಆ ನುಣ್ಣಗೆ ಮಾಡೋದನ್ನ ಆಫ್ ಮಾಡಿ. ಹೇಗಿದ್ದಾರೋ ಹಾಗೇ ತೆಗೀರಿ, ಅವರ ಮನೆಯೋರಿಗೆ ಗುರುತು ಸಿಗಬೇಕಲ್ಲ."

ಎರಡನೆಯದು ಬಂತು. ಸುಕ್ಕು, ಒಣಗಿದ ತುಟಿ, ಕೆನ್ನೆಯ ಮೇಲೆ ಅಮ್ಮನದಲ್ಲದ, ಬೇರೆಯೇ ಆಕಾರದ ಒಂದು ಕಲೆ. ಅಪ್ಪ ಅದನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದ, ಯಾವುದನ್ನೂ ಮುಟ್ಟಲಿಲ್ಲ. ಫೋಟೋದ ಕೆಳಗೆ ಮೊದಲು ಆ ಕಲೆಯ ವಿವರ ಬರೆದ, ಆಮೇಲೆ ನಮ್ಮ ನಂಬರನ್ನು.